ಮಾಳ್ಯಾನ ನಾಯಿಗೆ ಮೂರು ಉಣ್ಣೆ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿಗೆ ಬುದ್ಧಿ ಇತ್ತು. ಅದು ಮಗನವರೆಗೆ ಬಂದು ಮುಟ್ಟಿರಲಿಲ್ಲ, ಅಷ್ಟೇ.

ತಾಯಿಯ ಹೆಸರು ಲಕ್ಕವ್ವ. ಮಗ ಮಾಳಪ್ಪ, ಊರಿಗೆಲ್ಲ ಮಾಳ್ಯಾ. ಕುರುಬರ ಮನೆ, ದೊಡ್ಡಿಯಲ್ಲಿ ನಾಲ್ಕಾರು ಕುರಿ. ಮಾಳ್ಯಾನಿಗೆ ಮೀಸೆ ಬಂದಿತ್ತು, ಗಡ್ಡ ಬಂದಿತ್ತು, ಬೇರೇನೂ ಬಂದಿರಲಿಲ್ಲ. ನೀರು ತಾ ಎಂದರೆ ನೀರು ತರುತ್ತಿದ್ದ. ಕೊಡದಲ್ಲಿ ತಾ ಎಂದು ಹೇಳದಿದ್ದರೆ ಬೊಗಸೆಯಲ್ಲಿ ತರುತ್ತಿದ್ದ. ಬಾವಿಯಿಂದ ಮನೆ ಮುಟ್ಟುವಷ್ಟರಲ್ಲಿ ಬೊಗಸೆ ಒಣಗಿರುತ್ತಿತ್ತು. ಬೈದರೆ ಒಂದೇ ಮಾತು:

"ನೀನ ಹೇಳಿದ್ದಿಯಲ್ಲ, ಯವ್ವಾ!"

ಲಕ್ಕವ್ವ ಹಣೆ ಬಡಿದುಕೊಳ್ಳುತ್ತಿದ್ದಳು. "ನಾ ಸತ್ತ ಮ್ಯಾಲ ಇವನಿಗೆ ರೊಟ್ಟಿ ಕೊಡೋರು ಯಾರು?" ಎನ್ನುತ್ತಿದ್ದಳು. ಅವಳ ಚಿಂತೆ ಅದೊಂದೇ.

ಲಕ್ಕವ್ವನ ಅಣ್ಣ ಇಟ್ಟಪ್ಪ ದೊಡ್ಡ ಹಿಂಡಿನ ಒಡೆಯ. ದೀಪಾವಳಿ ಮುಗಿದ ಮೇಲೆ ಹಿಂಡು ಕಟ್ಟಿಕೊಂಡು ಊರೂರು ತಿರುಗಿ, ಮಳೆಗಾಲಕ್ಕೆ ಮರಳುವವನು. ಲಕ್ಕವ್ವ ಅವನ ಬೆನ್ನು ಬಿದ್ದಳು. "ಅಣ್ಣಾ, ಇವನನ್ನ ನಿನ್ನ ಹಿಂಡಿಗೆ ಸೇರಿಸಿಕೊ. ನಿನ್ನ ಕೈಯಾಗಿದ್ರ ಬದುಕಿಕೊಳ್ತಾನ."

ಇಟ್ಟಪ್ಪ ಅಳಿಯನನ್ನು ಮೇಲಿಂದ ಕೆಳಗೆ ನೋಡಿದ. ಮಾಳ್ಯಾನೂ ಮಾವನನ್ನು ಮೇಲಿಂದ ಕೆಳಗೆ ನೋಡಿದ.

ಒಂದು ಮಳೆಗಾಲದ ಮೊದಲಿಗೆ ಇಟ್ಟಪ್ಪ ಕಂಬಳಿಯಲ್ಲಿ ಒಂದು ನಾಯಿಮರಿ ಕಟ್ಟಿಕೊಂಡು ಬಂದ. ಕೆಂಪು ಮೈ, ಜೊಂಪೆ ಕೂದಲು, ಮೈಗೆ ಹೊಂದದಷ್ಟು ದಪ್ಪ ಪಾದ. ಆಗಲೇ ಊರ ನಾಯಿಯಷ್ಟು ತೂಕ.

"ಲಕ್ಕೀ, ಇದು ತೋಳ ಓಡಿಸೋ ಜಾತಿ. ಬರೋ ವರ್ಷ ದೀಪಾವಳಿ ಆದ ಮ್ಯಾಲ ಹಿಂಡು ಹೊರಡೋ ಮುಂದ ಬರ್ತೀನಿ. ಅಷ್ಟೊತ್ತಿಗೆ ನಾಲ್ಕೂ ಕಾಲು ನೆಟ್ಟಗಿದ್ದು ಇದು ಓಡಬೇಕು. ಓಡಿತಂದ್ರ ನಿನ್ನ ಮಗನೂ ಹಿಂಡಿಗೆ ಬರ್ತಾನ. ಕುಂಟಿತಂದ್ರ ಇಬ್ಬರೂ ನಿನ್ನ ಮನಿಯಾಗ ಇರಲಿ. ಒಂದು ನಾಯಿ ಬೆಳಸಾಕ ಬಾರದವ ಹಿಂಡೇನು ಕಾಯ್ತಾನ?"

ಮರಿಗೆ ಕೆಂದ ಎಂದು ಹೆಸರಿಟ್ಟರು. ಇಟ್ಟಪ್ಪ ಹೋದ. ಇಷ್ಟೆಲ್ಲ ಮಾತಿನಲ್ಲಿ ಮಾಳ್ಯಾನ ಕಿವಿಯಲ್ಲಿ ಉಳಿದದ್ದು ಒಂದು: ಓಡಬೇಕು.

ಮರುದಿನ ಲಕ್ಕವ್ವ ಉಪ್ಪು ತರಲು ಸಂತೆಗೆ ಕಳಿಸಿದಳು. ಮಾಳ್ಯಾ ಸೈಕಲ್ ಹತ್ತಿದ. ಸೈಕಲ್ಲಿನ ಹಿಂದೆ ಹಗ್ಗ ಕಟ್ಟಿದ. ಹಗ್ಗದ ತುದಿಗೆ ಕೆಂದನನ್ನು ಕಟ್ಟಿದ. ಡಾಂಬರು ರಸ್ತೆಯಲ್ಲಿ ತುಳಿದೇ ತುಳಿದ.

"ಓಡು ಕೆಂದ! ಓಡೋ ಜಾತಿ ನಿಂದು!"

ಕೆಂದ ಓಡಿತು. ಆಮೇಲೆ ಎಡವಿತು. ಆಮೇಲೆ ಕುಳಿತಿತು. ಕುಳಿತದ್ದನ್ನೂ ಮಾಳ್ಯಾ ಸ್ವಲ್ಪ ದೂರ ಎಳೆದ. ಯಾರೋ ಗಾಡಿಯವರು ಕೂಗಿ ಬೈದ ಮೇಲೆ ನಿಲ್ಲಿಸಿದ. ಸಂಜೆ ಮನೆಗೆ ಬಂದಾಗ ಉಪ್ಪು ಇತ್ತು, ನಾಯಿಗೆ ಅಂಗಾಲಿನ ಚರ್ಮ ಇರಲಿಲ್ಲ.

"ಅಯ್ಯೋ ಹಾಳಾದವನ! ಹಾಲು ಕುಡಿಯೋ ಕೂಸನ್ನ ಸೈಕಲ್ಲಿಗೆ ಕಟ್ಟಿ ಓಡಿಸಿದಿಯಾ?"

"ಓಡಬೇಕು ಅಂದನಲ್ಲ ಮಾವ!"

"ಬೆಳೆದ ಮ್ಯಾಲಲೇ! ಎಳೇದು ಓಡಬಾರ್ದು! ಕುರಿಮರಿನ ನಾವು ಹೆಂಗ ತರ್ತೀವಿ? ಹೆಗಲ ಮ್ಯಾಲ ಹೊತ್ತು ತರ್ತೀವೋ ಇಲ್ಲೋ? ಎಳೇ ಜೀವ ಹಾದಿ ಮ್ಯಾಲ ಓಡೋದು ಕಂಡ್ರ ಎತ್ತಿ ಹೆಗಲಿಗೆ ಹಾಕ್ಕೋ, ಸೀದಾ ಮನಿಗೆ ತಾ!"

"ಆಯ್ತು ಯವ್ವಾ. ಇನ್ನ ಹಂಗ ಮಾಡ್ತೀನಿ."

ಲಕ್ಕವ್ವ ಅರಿಸಿನ ಹಚ್ಚಿದಳು, ಬಟ್ಟೆ ಸುತ್ತಿದಳು. ಕೆಂದ ಚೇತರಿಸಿಕೊಂಡಿತು.

ಸ್ವಾತಂತ್ರ್ಯ ದಿನ ಬಂತು. ಶಾಲೆಯ ಮುಂದೆ ಹುಡುಗರ ಓಟದ ಪಂದ್ಯ. ಸುಣ್ಣದ ಗೆರೆ ಎಳೆದಿದ್ದರು, ಹಗ್ಗ ಹಿಡಿದಿದ್ದರು, ಊರೇ ನೆರೆದಿತ್ತು. ಮೇಷ್ಟ್ರು ಸೀಟಿ ಊದಿದರು. ಊರ ಗೌಡ ಸಂಗನಗೌಡರ ಮೊಮ್ಮಗ ಎಲ್ಲರಿಗಿಂತ ಮುಂದೆ ಬರುತ್ತಿದ್ದ. ಇನ್ನೇನು ಹಗ್ಗ ಮುಟ್ಟಬೇಕು, ಮಾಳ್ಯಾ ಗುಂಪಿನಿಂದ ಹಾರಿ ಬಂದ. ಹುಡುಗನನ್ನು ಎತ್ತಿದ, ಹೆಗಲಿಗೆ ಹಾಕಿದ, ಹಿಂದೆ ನೋಡದೆ ಓಡಿದ.

"ಬಿಡೋ! ನಾ ಗೆಲ್ಲಾಕತ್ತಿದ್ದೆ!" ಹುಡುಗ ಬೆನ್ನಿಗೆ ಗುದ್ದಿದ.

"ಸುಮ್ಮನಿರು! ನೀ ಎಳೇದು!"

ಮುಂದೆ ಮಾಳ್ಯಾ, ಹಿಂದೆ ಮೇಷ್ಟ್ರು, ಅವರ ಹಿಂದೆ ಗೌಡರು, ಅವರ ಹಿಂದೆ ಊರು. ಮಾಳ್ಯಾ ಹುಡುಗನನ್ನು ತಂದು ಲಕ್ಕವ್ವನ ಮುಂದೆ ಇಳಿಸಿದ. "ತಗೋ ಯವ್ವಾ. ಹಾದಿ ಮ್ಯಾಲ ಓಡಾಕತ್ತಿತ್ತು."

ಸಂಗನಗೌಡರಿಗೆ ಏದುಸಿರು. "ಲಕ್ಕವ್ವಾ! ಇದನ್ನ ಹಡೆದಿಯೋ, ಎಲ್ಲಿಂದಾದ್ರೂ ತಂದಿಯೋ?"

ಲಕ್ಕವ್ವ ಗೌಡರ ಕಾಲಿಗೆ ಬಿದ್ದಳು, ಮೇಷ್ಟ್ರಿಗೆ ಕೈಮುಗಿದಳು. ಎಲ್ಲರೂ ಹೋದ ಮೇಲೆ ಮಗನ ಕಡೆ ತಿರುಗಿದಳು.

"ಲೇ, ತಾನಾಗಿ ಓಡೋದನ್ನ ತಡೀಬಾರ್ದಲೇ! ಬಿಡಬೇಕು! ದಣಿದ್ರ ತಾನ ಕುಂದರ್ತೈತಿ! ನಾಯಿಮರಿನೂ ಅಷ್ಟ. ಅಂಗಳದಾಗ ತಾನಾಗಿ ಆಡಿದ್ರ ಆಡಲಿ, ಸಾಕಾದ್ರ ಮಲಗಲಿ. ಹಗ್ಗ ಕಟ್ಟಿ ನಾವು ಓಡಿಸಬಾರ್ದು. ತಿಳೀತಾ?"

"ತಿಳೀತು ಯವ್ವಾ. ತಾನಾಗಿ ಓಡಿದ್ರ ಬಿಡಬೇಕು."

ತಿಳಿಯಿತು ಎಂದು ಮಾಳ್ಯಾ ಹೇಳಿದಾಗಲೆಲ್ಲ ಲಕ್ಕವ್ವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಚಳಿ ಬಿತ್ತು. ಸಂಗನಗೌಡರ ಹೊಲದಲ್ಲಿ ಜೋಳ ಮೊಳಕಾಲುದ್ದ ನಿಂತಿತ್ತು. ಮಾಳ್ಯಾ ಮನೆಯ ಕುರಿ ಮೇಯಿಸುತ್ತ ಬದುವಿನ ಮೇಲೆ ಕುಳಿತಿದ್ದ. ಕುರಿಗಳು ಜೋಳ ಕಂಡವು. ತಲೆ ಎತ್ತಿದವು. ಓಡಿದವು.

ಮಾಳ್ಯಾ ಕುಳಿತೇ ಇದ್ದ. ತಾವಾಗಿ ಓಡುತ್ತಿವೆ. ತಡೆಯಬಾರದು. ದಣಿದರೆ ತಾವೇ ಕೂರುತ್ತವೆ.

ಕುರಿಗಳು ಮೇದವು, ಇನ್ನಷ್ಟು ಮೇದವು, ಹೊಟ್ಟೆ ಬಿರಿಯುವಂತಾದ ಮೇಲೆ ಕುಳಿತವು. "ನೋಡಿದ್ಯಾ! ಕುಂತವು!" ಎಂದು ಮಾಳ್ಯಾ ಚಪ್ಪಾಳೆ ಹೊಡೆದ. ಬೆನ್ನ ಹಿಂದೆ ಗೌಡರು ಬಡಿಗೆ ಹಿಡಿದು ನಿಂತಿದ್ದರು.

"ನನ್ನ ಮೊಮ್ಮಗನ್ನ ಓಡಾಕ ಬಿಡಲಿಲ್ಲ, ನಿನ್ನ ಕುರಿ ಓಡಾಕ ಬಿಟ್ಟಿಯಲ್ಲಲೇ!"

ಬಡಿಗೆ ಏಟು ಮಾಳ್ಯಾನಿಗೆ ಬಿತ್ತು, ಮಾತಿನ ಏಟು ಲಕ್ಕವ್ವನಿಗೆ.

ಲಕ್ಕವ್ವ ಮಗನಿಗೆ ಹೇಳಿದಳು, "ಯಾವುದನ್ನ ಬಿಡಬೇಕು, ಯಾವುದನ್ನ ತಡೀಬೇಕು ಅನ್ನೋದು ನಿನಗ ತಿಳಿಯಂಗಿಲ್ಲ. ಹೋಗಲಿ. ತಿಳೀಲಿಲ್ಲಂದ್ರ ಹಿರಿಯರನ್ನ ಕೇಳು! ಕೇಳಿ ಮಾಡು!"

"ಆಯ್ತು ಯವ್ವಾ. ಕೇಳಿ ಮಾಡ್ತೀನಿ."

ಮಾಳ್ಯಾ ಕೇಳಲು ಹೋದ. ಯಾರನ್ನು ಕೇಳಿದ? ದ್ಯಾಮಜ್ಜನನ್ನು. ಬೇವಿನ ಕಟ್ಟೆಯ ಮೇಲೆ ಕೂತ ಹಳೆಯ ಕುರುಬ. ಕುರಿಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ತೊಂದರೆ ಏನೆಂದರೆ, ನಾಲ್ಕು ಕಾಲಿದ್ದದ್ದೆಲ್ಲ ಅವನಿಗೆ ಕುರಿ.

"ಅಜ್ಜಾ, ನನ್ನ ನಾಯಿ ಯಾವಾಗ ಓಡಬೇಕು?"

"ಬೆಳೆದ ಮ್ಯಾಲ."

"ಬೆಳೆದದ್ದು ಹೆಂಗ ತಿಳೀತೈತಿ?"

"ಕುರುಬನ ಮಗ ಆಗಿ ಕೇಳ್ತಿಯಲ್ಲೋ! ಬಾಯಿ ಬಿಡಿಸಿ ಹಲ್ಲು ನೋಡು. ಹಾಲಹಲ್ಲು ಎಲ್ಲಾ ಬಿದ್ದು ದೊಡ್ಡ ಹಲ್ಲು ಬಂದ್ವಂದ್ರ ಬೆಳೀತು ಅಂತ ಲೆಕ್ಕ. ಕುರಿಯಾದ್ರೇನು, ನಾಯಿಯಾದ್ರೇನು?"

ಮಾಳ್ಯಾ ಮನೆಗೆ ಬಂದು ಕೆಂದನ ಬಾಯಿ ಬಿಡಿಸಿದ. ಬೆಳ್ಳಗೆ, ಸಾಲಾಗಿ, ದೊಡ್ಡ ಹಲ್ಲು! ಒಂದೂ ಹಾಲಹಲ್ಲಿಲ್ಲ! ಇನ್ನೇನು ಬೇಕು? ಲಕ್ಕವ್ವ ನೀರಿಗೆ ಹೋದ ಹೊತ್ತು ನೋಡಿ ಕೆಂದನನ್ನು ಕಲ್ಲುಗುಡ್ಡಕ್ಕೆ ಹೊಡೆದುಕೊಂಡು ಹೋದ. ಗುಡ್ಡ ಹತ್ತಿಸಿದ, ಇಳಿಸಿದ. ಬಂಡೆಯಿಂದ ಬಂಡೆಗೆ ಜಿಗಿಸಿದ. ಮತ್ತೆ ಹತ್ತಿಸಿದ.

ಬರುವಾಗ ಕೆಂದ ಮುಂಗಾಲು ನೆಲಕ್ಕೆ ಊರುತ್ತಿರಲಿಲ್ಲ.

ಈ ಸಲ ಲಕ್ಕವ್ವ ಬೈಯಲಿಲ್ಲ. ಕುಂಟುವ ಕಾಲು ನೋಡಿದಳು, ಮಗನ ಮುಖ ನೋಡಿದಳು, ಅಳತೊಡಗಿದಳು. ಹಿಂಡು ಹೋಯಿತು, ಅಣ್ಣನ ಮಾತು ಹೋಯಿತು, ಮಗನ ಅನ್ನ ಹೋಯಿತು. ಸ್ವಲ್ಪ ಹೊತ್ತು ಅತ್ತು ಎದ್ದಳು. "ಹೊತ್ಕೋ ನಾಯಿನ!" ಎಂದಳು. ಮಾಳ್ಯಾ ಹೊತ್ತ. ಈಗ ಅದು ದೊಡ್ಡ ಟಗರಿನಷ್ಟು ಭಾರ. ಇಬ್ಬರೂ ಪಶು ಆಸ್ಪತ್ರೆಗೆ ನಡೆದರು. ತನ್ನ ವಿದ್ಯೆ ಸರಿಯೆಂದು ಹೇಳಲು ದ್ಯಾಮಜ್ಜನೂ ಕೋಲೂರಿಕೊಂಡು ಬಂದ.

ಡಾಕ್ಟರಮ್ಮ ಕಾಲನ್ನು ಒತ್ತಿ ನೋಡಿದರು, ಮಡಿಸಿ ನೋಡಿದರು. "ಎಲುಬು ಮುರಿದಿಲ್ಲ. ಪುಣ್ಯ. ಯಾರು ಇದನ್ನು ಓಡಿಸಿದ್ದು?"

"ನಾನು," ಎಂದ ಮಾಳ್ಯಾ ಹೆಮ್ಮೆಯಿಂದ.

"ಯಾಕೆ?"

"ಹಲ್ಲು ಬಂದಾವಲ್ಲ!"

"ಹಲ್ಲಿನ ಮೇಲೆ ಓಡುತ್ತದೇನ್ರೀ ನಾಯಿ?"

ದ್ಯಾಮಜ್ಜ ಕೆಮ್ಮಿದ. "ಹಂಗಲ್ಲ ಡಾಕ್ಟರವ್ವಾ. ಕುರಿಯಾಗ ಹಲ್ಲು..."

"ಕುರಿಯಲ್ಲಿ ಸರಿ, ಅಜ್ಜ. ಇದು ಬೊಗಳುತ್ತದೆ, ನೋಡಿ. ನಾಯಿಗೆ ಅರ್ಧ ವರ್ಷ ದಾಟುವಷ್ಟರಲ್ಲಿ ಹಲ್ಲೆಲ್ಲ ಬಂದುಬಿಡುತ್ತವೆ. ಎಲುಬು ಅಷ್ಟು ಬೇಗ ಬಲಿಯುವುದಿಲ್ಲ. ಉದ್ದ ಎಲುಬಿನ ತುದಿಯಲ್ಲಿ ಬೆಳೆಯುವ ಜಾಗ ಇರುತ್ತದೆ. ಅದು ಇನ್ನೂ ಮೆದು. ಅದಕ್ಕೆ ಪೆಟ್ಟು ಬಿದ್ದರೆ ಕಾಲು ಸೊಟ್ಟ ಬೆಳೆಯುತ್ತದೆ, ಇಲ್ಲವೇ ಸಾಯುವ ತನಕ ಕುಂಟು. ಸಣ್ಣ ಜಾತಿಯ ನಾಯಿಗೆ ಒಂದು ವರ್ಷದೊಳಗೆ ಬಲಿಯುತ್ತದೆ. ಇದು ದೊಡ್ಡ ಜಾತಿ, ಮೈಭಾರ ಹೆಚ್ಚು. ಒಂದೂವರೆ ವರ್ಷ ಬೇಕು. ಇನ್ನೂ ಭಾರಿ ನಾಯಿಗಳಿಗೆ ಅದಕ್ಕಿಂತ ಹೆಚ್ಚೂ ಬೇಕಾಗುತ್ತದೆ."

"ಅಲ್ಲೀ ತನಕ ಕಟ್ಟಿ ಹಾಕಲೇನ್ರೀ?" ಲಕ್ಕವ್ವ ಕೇಳಿದಳು.

"ಕಟ್ಟಬೇಡಿ. ಈಗ ಕಾಲು ವಾಸಿಯಾಗುವವರೆಗೆ ಸುಮ್ಮನೆ ಮಲಗಲಿ. ಆಮೇಲೆ ನಿಧಾನವಾಗಿ ಸ್ವಲ್ಪ ಸ್ವಲ್ಪ ನಡೆಸಿ. ಮಣ್ಣಿನಲ್ಲಿ ತಾನಾಗಿ ಆಡಲಿ. ಸೈಕಲ್ ಹಿಂದೆ ಬೇಡ, ಡಾಂಬರಿನ ಮೇಲೆ ಬೇಡ, ಎತ್ತರದಿಂದ ಜಿಗಿಸಬೇಡಿ. ತಿನ್ನಿಸಿ ತಿನ್ನಿಸಿ ಕೊಬ್ಬಿಸಬೇಡಿ. ಹುಟ್ಟಿ ಒಂದೂವರೆ ವರ್ಷವಾದ ಮೇಲೆ ಒಮ್ಮೆ ನನಗೆ ತೋರಿಸಿ, ಆಮೇಲೆ ಓಡಿಸಿ. ಆ ಹಲ್ಲಿನ ಪಂಡಿತರನ್ನು ಕೇಳಬೇಡಿ."

ದ್ಯಾಮಜ್ಜ ಕೋಲೂರಿಕೊಂಡು ಬೇರೆ ದಾರಿಯಲ್ಲಿ ಊರಿಗೆ ಹೋದ.

ಕಾಲು ವಾಸಿಯಾಯಿತು. ಒಂದು ದಿನ ಮಾಳ್ಯಾ ಕೇಳಿದ, "ಯವ್ವಾ, ಒಂದೂವರೆ ವರ್ಷ ಅಂದ್ರ ಎಷ್ಟು?"

ಲಕ್ಕವ್ವ ರೊಟ್ಟಿ ಬಡಿಯುತ್ತಿದ್ದಳು. ತಿಂಗಳು ಹೇಳಿದರೆ ಇವನಿಗೆ ತಿಳಿಯದು, ಹಬ್ಬ ಹೇಳಿದರೆ ಊಟ ಮಾತ್ರ ನೆನಪಿರುತ್ತದೆ. ಕುರುಬನಿಗೆ ತಿಳಿಯುವ ಹಾಗೆ ಹೇಳೋಣ ಎಂದುಕೊಂಡಳು. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಹಾಗಾದರೆ ಒಂದೂವರೆ ವರ್ಷಕ್ಕೆ?

"ಮೂರು ಉಣ್ಣೆ ಕತ್ತರಿಸಿದ ಮ್ಯಾಲ ಓಡಿಸಬೇಕು, ಮಗನ. ಮೂರು ಉಣ್ಣೆ. ಮರೀಬ್ಯಾಡ."

"ಮೂರು ಉಣ್ಣೆ," ಎಂದ ಮಾಳ್ಯಾ. ಎದ್ದು ಹೋದ.

ಸ್ವಲ್ಪ ಹೊತ್ತಿಗೆ ಅಂಗಳದಿಂದ ಕೆಂದನ ಗುರುಗುಟ್ಟುವಿಕೆ ಕೇಳಿತು. ಲಕ್ಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಉಣ್ಣೆ ಕತ್ತರಿಸುವ ಕತ್ತರಿ ಮಾಳ್ಯಾನ ಕೈಯಲ್ಲಿ. ನೆಲದ ಮೇಲೆ ಕೆಂಪು ಕೂದಲಿನ ರಾಶಿ. ನಡುವೆ ನಿಂತಿದ್ದದ್ದು ಯಾವ ಪ್ರಾಣಿ ಎಂದು ಲಕ್ಕವ್ವನಿಗೆ ಕೂಡಲೇ ತಿಳಿಯಲಿಲ್ಲ. ಕಿವಿಯ ಮೇಲೆ ಗೊಂಚಲು, ಬಾಲದ ತುದಿಗೆ ಗೊಂಚಲು, ನಡುವೆ ಬರೀ ಚರ್ಮ.

"ಒಂದು ಉಣ್ಣೆ ಆತು, ಎರಡನೇದೂ ಆತು ಯವ್ವಾ! ಮೂರನೇದಕ್ಕ ಕೂದಲ ಇಲ್ಲ. ಬಾಲದ್ದು ತಗೊಂಡ್ರ ನಡೀತೈತೇನು? ಆಮ್ಯಾಲ ಓಡಿಸ್ತೀನಿ!"

ಲಕ್ಕವ್ವ ಕತ್ತರಿ ಕಸಿದುಕೊಂಡಳು. ಚಳಿಗೆ ನಡುಗುವ ನಾಯಿಗೆ ತನ್ನ ಕಂಬಳಿ ಹೊದಿಸಿದಳು. ಆಮೇಲೆ ಬಾಯಿ ಬಿಟ್ಟಳು.

"ಲೇ ದಡ್ಡಾ! ದಡ್ಡರೂ ನಾಚಿಕೊಳ್ಳೋ ದಡ್ಡಾ! ಕೂದಲ ಕತ್ತರಿಸಿದ್ರ ಎಲುಬು ಬಲೀತಾವೇನು? ಕುರಿಯ ಉಣ್ಣೆ ಬೆಳೀಬೇಕು, ಕತ್ತರಿಸಬೇಕು, ಮತ್ತ ಬೆಳೀಬೇಕು! ಅಷ್ಟು ದಿನ ಕಾಯಬೇಕು! ನೀ ಏನೂ ಮಾಡಬ್ಯಾಡ. ಎಳೇ ಜೀವ ಗಟ್ಟಿ ನೆಲದ ಮ್ಯಾಲ ಓಡೋದು ನಿನ್ನ ಕಣ್ಣಿಗೆ ಬಿತ್ತಂದ್ರ, ತಂದು ಮೆತ್ತನ್ನ ನೆಲದಾಗ ಬಿಡು. ಅಷ್ಟ ನಿನ್ನ ಕೆಲಸ. ಉಳಿದದ್ದು ನಾ ನೋಡ್ಕೋತೀನಿ."

"ಮೆತ್ತನ್ನ ನೆಲದಾಗ ಬಿಡಬೇಕು. ಆಯ್ತು ಯವ್ವಾ."

ಅಂದಿನಿಂದ ನಾಯಿಯ ಹಗ್ಗ ಲಕ್ಕವ್ವನ ಕೈಗೆ ಬಂತು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ, ಹಳ್ಳದ ಮರಳಿನಲ್ಲಿ ನಡೆಸಿದಳು. ಕೆಂದನ ಕೂದಲು ಬೆಳೆಯಿತು. ಕುರಿಗಳ ಉಣ್ಣೆ ಬೆಳೆಯಿತು, ಕತ್ತರಿಸಿದರು, ಮತ್ತೆ ಬೆಳೆಯಿತು. ಮಾಳ್ಯಾನಿಗೆ ಗಡ್ಡ ಬೆಳೆಯಿತು.

ಎರಡನೆಯ ದಸರೆಯ ಹೊತ್ತಿಗೆ ಡಾಕ್ಟರಮ್ಮ ಕಾಲುಗಳನ್ನು ಮತ್ತೆ ನೋಡಿ ತಲೆಯಾಡಿಸಿದರು. "ಬಲಿತಿದೆ. ಇನ್ನು ಓಡಿಸಬಹುದು. ಒಮ್ಮೆಗೇ ಬೇಡ. ಸ್ವಲ್ಪ ಓಟ, ಸ್ವಲ್ಪ ನಡಿಗೆ. ದಿನ ಕಳೆದ ಹಾಗೆ ಓಟ ಹೆಚ್ಚಿಸಿ." ಲಕ್ಕವ್ವ ಹಾಗೆಯೇ ಮಾಡಿದಳು. ದೀಪಾವಳಿಗೆ ಕೆಂದ ಹಳ್ಳದ ದಂಡೆಯಲ್ಲಿ ಓಡುತ್ತಿದ್ದರೆ ಜನ ನಿಂತು ನೋಡುತ್ತಿದ್ದರು. ಲಕ್ಕವ್ವನೂ ಸೆರಗು ಕಟ್ಟಿ ಹಿಂದೆ ಓಡುತ್ತಿದ್ದಳು. ಅವಳನ್ನೂ ಜನ ನಿಂತು ನೋಡುತ್ತಿದ್ದರು.

ಹಬ್ಬ ಮುಗಿಯಿತು. ಇಟ್ಟಪ್ಪ ಹಿಂಡು ಹೊಡೆದುಕೊಂಡು ಬಂದ. ಊರ ಹೊರಗೆ ಬಲೆಯ ಬೇಲಿ ಕಟ್ಟಿ ದೊಡ್ಡಿ ಮಾಡಿ ಕುರಿ ತುಂಬಿದ. ಕೆಂದನ ಕಾಲು ಒಂದೊಂದಾಗಿ ಸವರಿ ನೋಡಿದ. ನಾಲ್ಕೂ ನೆಟ್ಟಗೆ.

"ನಿನ್ನ ಮಗ ಬೆಳಸಿದನೇನು?"

"ಹೂಂ ಅಣ್ಣಾ," ಎಂದಳು ಲಕ್ಕವ್ವ, ನೆಲ ನೋಡುತ್ತ.

"ಮಾತಂದ್ರ ಮಾತು. ನಾಳೆ ಬೆಳಿಗ್ಗೆ ಇಬ್ಬರೂ ಹೊರಡಲಿ."

ಲಕ್ಕವ್ವ ಬುತ್ತಿ ಕಟ್ಟಲು ಮನೆಗೆ ಓಡಿದಳು. ಒಂದು ರಾತ್ರಿ ಕಳೆದರೆ ಸಾಕು! ಆದರೆ ಅದಕ್ಕೂ ಮೊದಲು ಒಂದು ಸಂಜೆ ಕಳೆಯಬೇಕಿತ್ತು.

ಹೊತ್ತು ಇಳಿಯುವಾಗ ತೋಳ ಬಂತು. ಹರೆಯಕ್ಕೆ ಬರುತ್ತಿದ್ದ ಮರಿತೋಳ, ಸಣಕಲು. ಬೇಲಿಯ ಹೊರಗೆ ಮೇಯುತ್ತಿದ್ದ ಕುರಿಮರಿಯನ್ನು ಕಚ್ಚಿಕೊಂಡು ಓಡಿತು.

"ಕೆಂದಾ! ಹಿಡಿ!" ಇಟ್ಟಪ್ಪ ಕೂಗಿದ.

ಕೆಂದ ಹಾರಿತು. ಅಂಥ ಓಟವನ್ನು ಇಟ್ಟಪ್ಪ ಅದರ ಅಪ್ಪನಲ್ಲೂ ಕಂಡಿರಲಿಲ್ಲ. ತೋಳ ಕುರಿಮರಿಯನ್ನು ಬಿಟ್ಟು ಕಲ್ಲುಗುಡ್ಡದ ಕಡೆ ತಿರುಗಿತು. ಕೆಂದ ಬಿಡಲಿಲ್ಲ. ಎರಡು ಬಂಡೆಗಳ ಸಂದಿಗೆ ಒತ್ತರಿಸಿ, ಹಲ್ಲು ತೋರಿಸಿ ನಿಂತಿತು. ತೋಳ ಏದುಸಿರು ಬಿಡುತ್ತ ಮುದುರಿಕೊಂಡಿತು. ಇಟ್ಟಪ್ಪನಿಗೆ ಕುಣಿಯುವಷ್ಟು ಸಂತೋಷ.

"ಮಾಳ್ಯಾ! ಓಡು! ನಾಯಿಗೆ ಜೊತಿಯಾಗು!"

ಮಾಳ್ಯಾ ಕಂಬಳಿ ಹಿಡಿದು ಓಡಿದ. ಬಂಡೆಯ ಹತ್ತಿರ ಬಗ್ಗಿ ತೋಳವನ್ನು ನೋಡಿದ. ಸಣ್ಣ ಮೈ, ದಪ್ಪ ಪಾದ. ಅವನಿಗೆ ಅಯ್ಯೋ ಅನ್ನಿಸಿತು. ಎಳೆಯದು! ಕಲ್ಲು ನೆಲದ ಮೇಲೆ ಓಡುತ್ತಿದೆ!

"ಕೆಂದಾ, ಸರಿ ಅತ್ತಾಗ!"

ಕಂಬಳಿ ಬೀಸಿ ತೋಳದ ಮೇಲೆ ಹಾಕಿದ. ಸುತ್ತಿದ. ಹೆಗಲಿಗೆ ಏರಿಸಿದ. ಮೆತ್ತನೆಯ ನೆಲ ಎಲ್ಲಿದೆ? ಹಿಕ್ಕೆ ಹಾಸಿದ ದೊಡ್ಡಿಗಿಂತ ಮೆತ್ತನೆಯ ನೆಲ ಎಲ್ಲಿದೆ? ಇಟ್ಟಪ್ಪ ದೂರದಿಂದ ನೋಡುತ್ತಿದ್ದ. ಅಳಿಯ ತೋಳ ಹಿಡಿದ ಎಂದು ಎದೆ ಉಬ್ಬಿಸುತ್ತಿದ್ದ. ಮಾಳ್ಯಾ ಸೀದಾ ಬಂದ, ಬೇಲಿ ಎತ್ತಿದ, ಹಿಂಡಿನ ನಟ್ಟನಡುವೆ ಕಂಬಳಿ ಬಿಚ್ಚಿದ.

"ಇಲ್ಲಿ ಓಡಪ್ಪಾ. ಎಷ್ಟು ಬೇಕಾದ್ರೂ ಓಡು."

ತೋಳ ಓಡಿತು. ಅದಕ್ಕಿಂತ ಮೊದಲು ಹಿಂಡು ಓಡಿತು. ಬೇಲಿ ಹರಿಯಿತು, ಗೂಟ ಕಿತ್ತುಬಂತು, ನೂರಾರು ಕುರಿ ಇಟ್ಟಪ್ಪನನ್ನು ತುಳಿದುಕೊಂಡು ಸಂಗನಗೌಡರ ಜೋಳಕ್ಕೆ ನುಗ್ಗಿದವು. ಕೆಂದ ತೋಳವನ್ನು ಗುಡ್ಡ ದಾಟಿಸಿ ಬಂದು, ಹೊಲದ ಸುತ್ತ ಓಡಿ ಓಡಿ ಹಿಂಡನ್ನು ಒಂದುಗೂಡಿಸಿತು. ಗೌಡರು ಬಡಿಗೆ ಹಿಡಿದು ಬಂದರು. ಈ ಸಲವೂ ಯಾರಿಗೆ ಹೊಡೆಯಬೇಕೆಂದು ಕೇಳದೆ ಮಾಳ್ಯಾನಿಗೇ ಬಿಗಿದರು.

ಲಕ್ಕವ್ವ ಬುತ್ತಿ ಗಂಟು ಹಿಡಿದು ಬಂದಾಗ ಇಟ್ಟಪ್ಪ ರುಮಾಲಿನ ಹಿಕ್ಕೆ ಕೊಡವುತ್ತಿದ್ದ.

"ಎಳೇದು ಯವ್ವಾ! ಮೂರು ಉಣ್ಣೆ ಆಗಿರಲಿಲ್ಲ! ನೀನ ಹೇಳಿದ್ದಿಯಲ್ಲ!" ಎಂದ ಮಾಳ್ಯಾ.

ಇಟ್ಟಪ್ಪ ತಂಗಿಗೆ ಹೇಳಿದ, "ಲಕ್ಕೀ, ನಾಯಿ ಬಲಿತೈತಿ. ಅದನ್ನ ಕರಕೊಂಡು ಹೋಗ್ತೀನಿ. ನಿನ್ನ ಮಗ ಇನ್ನೂ ಬಲಿತಿಲ್ಲ."

"ಮಾತು ಕೊಟ್ಟಿದ್ದಿಯಲ್ಲ ಅಣ್ಣಾ!" ಲಕ್ಕವ್ವ ಅವನ ಕಂಬಳಿ ಹಿಡಿದುಕೊಂಡಳು. "ನಾಯಿಗೆ ಅಷ್ಟು ದಿನ ಕಾದೆ. ಇವನಿಗೂ ಒಂದಿಷ್ಟು ಕಾಯಿ. ಕೈ ಬಿಡಬ್ಯಾಡ."

ತಂಗಿಯ ಕಣ್ಣೀರು ಕಂಡು ಇಟ್ಟಪ್ಪ ಮೆತ್ತಗಾದ. "ಆಯ್ತು. ಇವನಿಗೂ ಮೂರು ಉಣ್ಣೆ ಆಗಲಿ. ಆಮ್ಯಾಲ ಬರಲಿ. ಬ್ಯಾಡ ಅನ್ನಂಗಿಲ್ಲ."

ಲಕ್ಕವ್ವನಿಗೆ ಜೀವ ಬಂತು. ಇನ್ನೂ ಒಂದೂವರೆ ವರ್ಷ. ಅಷ್ಟರಲ್ಲಿ ಇವನನ್ನು ಹೇಗಾದರೂ ತಿದ್ದಿದರಾಯಿತು. ಮನೆಗೆ ಬಂದು, ಎಷ್ಟೋ ದಿನದ ಮೇಲೆ, ನಿಶ್ಚಿಂತೆಯಿಂದ ಮಲಗಿದಳು.

ಬೆಳಿಗ್ಗೆ ಹಿಂಡು ಊರು ದಾಟಿ ಡಾಂಬರು ರಸ್ತೆ ಹಿಡಿದಿತ್ತು. ಮುಂದೆ ಇಟ್ಟಪ್ಪ, ಪಕ್ಕದಲ್ಲಿ ಕೆಂದ. ಹಿಂದಿನಿಂದ ಯಾರೋ ಕೂಗುತ್ತ ಓಡಿ ಬರುವುದು ಕೇಳಿ ಇಟ್ಟಪ್ಪ ತಿರುಗಿದ. ಯಾರೆಂದು ಗುರುತು ಸಿಗಲಿಲ್ಲ. ಕೆಂದ ಕೂಡ ಬೊಗಳಿತು.

ತಲೆ ನುಣ್ಣಗೆ, ಗಡ್ಡ ನುಣ್ಣಗೆ, ಮೀಸೆ ನುಣ್ಣಗೆ. ಒಂದು ಕಡೆಯ ಹುಬ್ಬೂ ಇರಲಿಲ್ಲ. ಕೈಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿ.

"ನಿಲ್ಲು ಮಾವಾ! ತಲಿದು ಒಂದು, ಗಡ್ಡದ್ದು ಎರಡು, ಮೀಸಿದು ಮೂರು! ಮೂರೂ ಆದ್ವು! ಲೆಕ್ಕಕ್ಕ ಕಮ್ಮಿ ಬೀಳಬಾರ್ದಂತ ಒಂದು ಹುಬ್ಬನೂ ಮ್ಯಾಲ ಹಾಕೀನಿ!"